ಹೃದಯದ ಆಪರೇಷನ್ ಆದ ಪಾಪು ಇನ್ನೂ ಮಗುಚಿಕೊಳ್ತಿಲ್ಲ, ಫಿಸಿಯೊ ಶುರು ಮಾಡಬಹುದಾ? ಹಾಸನ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಹೇಳಿ

ಸಕಲೇಶಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಏಳೂವರೆ ತಿಂಗಳು. ಹುಟ್ಟುವಾಗಲೇ ವಿಎಸ್‌ಡಿ ಇತ್ತು, ಅಂದ್ರೆ ಹೃದಯದ ಕೆಳಗಿನ ಎರಡು ಕೋಣೆ ನಡುವಿನ ಗೋಡೇಲಿ ದೊಡ್ಡ ತೂತು. ಹಾಲು ಕುಡಿಯೋವಾಗ ಹಣೆ ತುಂಬ ಬೆವರು, ನಾಲ್ಕು ಗುಟುಕು ಕುಡಿದು ಸುಸ್ತಾಗಿ ನಿದ್ದೆ ಹೋಗಿಬಿಡೋಳು. ತೂಕ ಏರ್ತಾನೇ ಇರ್ಲಿಲ್ಲ. ನಾಲ್ಕು ತಿಂಗಳಿಗೆ ಬೆಂಗಳೂರಲ್ಲಿ ಎದೆ ತೆರೆದು ಆಪರೇಷನ್ ಮಾಡಿದ್ರು. ಈಗ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಚೆನ್ನಾಗಿ ಬಂದಿದೆ, ಕುಡಿಯೋದೂ ಸುಧಾರಿಸಿದೆ, ಕೆನ್ನೆ ತುಂಬಿಕೊಳ್ತಾ ಇದೆ.

ಆದ್ರೆ ಕತ್ತು ಪೂರ್ತಿ ನಿಂತಿಲ್ಲ. ಎತ್ತಿಕೊಂಡಾಗ ಸ್ವಲ್ಪ ಹೊತ್ತು ನೇರ ಇರುತ್ತೆ, ಆಮೇಲೆ ವಾಲುತ್ತೆ. ಮಗುಚಿಕೊಳ್ಳಲ್ಲ. ಬೋರಲು ಮಲಗಿಸಿದ್ರೆ ಅರ್ಧ ನಿಮಿಷಕ್ಕೇ ಅಳು. ನಕ್ಕರೆ ನಗ್ತಾಳೆ, ಕರೆದ ಕಡೆ ತಿರುಗಿ ನೋಡ್ತಾಳೆ, ಕೈಗೆ ಕೊಟ್ಟಿದ್ದು ಹಿಡಿಯುತ್ತಾಳೆ.

ಮನೇಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ಅತ್ತೆ "ಹೃದಯ ಸರಿ ಆಯ್ತಲ್ಲ, ಉಳಿದಿದ್ದು ತಾನಾಗೇ ಬರುತ್ತೆ" ಅಂತಾರೆ. ಮಗೂಗೆ ನೀರು ಹಾಕೋಕೆ ಬರೋ ಅಜ್ಜಿ "ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದ್ರೆ ಮೈ ಗಟ್ಟಿಯಾಗುತ್ತೆ" ಅಂತಾರೆ. ನಮ್ಮ ಯಜಮಾನ್ರಿಗೆ ಎದೆ ಮೇಲಿನ ಗಾಯದ ಗುರುತು ನೋಡಿದ್ರೇ ಭಯ, ಎತ್ತಿಕೊಳ್ಳೋಕೂ ಹಿಂಜರೀತಾರೆ. ಡಿಸ್ಚಾರ್ಜ್ ಪೇಪರ್‌ನಲ್ಲಿ ಔಷಧಿ, ಮುಂದಿನ ಎಕೋ ತಾರೀಕು ಇದೆ. ಮಗೂನ ಹೇಗೆ ಆಡಿಸಬೇಕು ಅನ್ನೋದು ಒಂದು ಸಾಲೂ ಇಲ್ಲ. ಕಾಯಲಾ, ಫಿಸಿಯೊ ಹತ್ರ ಹೋಗಲಾ? ಹೋದ್ರೆ ಹೃದಯಕ್ಕೆ ಏನೂ ತೊಂದ್ರೆ ಇಲ್ವಾ?

ಅರಸೀಕೆರೆ ಅಪ್ಪ

ಅಕ್ಕ, ಧೈರ್ಯವಾಗಿರಿ. ನಮ್ಮ ಅಣ್ಣನ ಮಗನಿಗೂ ಇದೇ ತೂತು ಇತ್ತು, ಆಪರೇಷನ್ ಆದ್ಮೇಲೆ ಯಾವ ಫಿಸಿಯೊನೂ ಇಲ್ದೆ ಒಂದು ವರ್ಷ ನಾಲ್ಕು ತಿಂಗಳಿಗೆ ನಡೆದ. ಈಗ ಸ್ಕೂಲಲ್ಲಿ ಖೋಖೋ ಆಡ್ತಾನೆ. ಇಷ್ಟು ಚಿಕ್ಕ ಮಗೂನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸೋದಕ್ಕಿಂತ ಎರಡು ತಿಂಗಳು ಕಾದು ನೋಡೋದು ಒಳ್ಳೇದು ಅನ್ಸುತ್ತೆ.

ಮಕ್ಕಳ ಫಿಸಿಯೊ, ಹಾಸನ

ಅಮ್ಮ, ಕಾಯಬೇಡಿ. ಈ ವಾರವೇ ಒಬ್ಬ ಫಿಸಿಯೊಗೆ ತೋರಿಸಿ. ಗಾಬರಿಪಡಿಸೋಕೆ ಹೇಳ್ತಿಲ್ಲ. ನೀವು ಬರೆದಿರೋ ನಗು, ನೋಟ, ಕೈಯಲ್ಲಿ ಹಿಡಿಯೋದು ಎಲ್ಲ ಒಳ್ಳೇ ಲಕ್ಷಣಗಳೇ. ಆದ್ರೆ ಏಳೂವರೆ ತಿಂಗಳಿಗೆ ಕತ್ತು ಇನ್ನೂ ವಾಲುತ್ತೆ ಅಂದ್ರೆ ಪರೀಕ್ಷೆ ಮಾಡಿಸಲೇಬೇಕಾದ ವಿಷಯ.

ಅರಸೀಕೆರೆ ಸರ್, ನಿಮ್ಮ ಅಣ್ಣನ ಮಗ ಆರೋಗ್ಯವಾಗಿರೋದು ಕೇಳಿ ಸಂತೋಷ ಆಯ್ತು. ಬರೀ ವಿಎಸ್‌ಡಿ, ಇಲ್ಲ ಎಎಸ್‌ಡಿ (ಮೇಲಿನ ಎರಡು ಕೋಣೆ ನಡುವಿನ ತೂತು) ಇದ್ದ ಎಷ್ಟೋ ಮಕ್ಕಳು ಆಪರೇಷನ್ ಆದ್ಮೇಲೆ ಬೇಗ ಸರಿಹೋಗ್ತಾರೆ, ನಿಜ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಆರೋಗ್ಯವಂತ ಮಕ್ಕಳೂ ಆಸರೆ ಇಲ್ಲದೆ ಕೂರೋದು 3.8ರಿಂದ 9.2 ತಿಂಗಳ ನಡುವೆ, ಒಂಟಿಯಾಗಿ ನಡೆಯೋದು 8.2ರಿಂದ 17.6 ತಿಂಗಳ ನಡುವೆ. ಅಷ್ಟು ಅಗಲದ ವ್ಯತ್ಯಾಸ ಸಹಜ. ಆದ್ರೆ ಯಾವ ಮಗು ತಾನಾಗಿ ಸರಿಹೋಗುತ್ತೆ, ಯಾವ ಮಗೂಗೆ ಸಹಾಯ ಬೇಕು ಅಂತ ದೂರದಿಂದ ಹೇಳೋಕೆ ಆಗಲ್ಲ. ಪರೀಕ್ಷೆ ಮಾಡಿಸಿ "ಏನೂ ಬೇಡ" ಅನ್ನಿಸಿಕೊಂಡು ಬಂದ್ರೆ ನಷ್ಟ ಏನೂ ಇಲ್ಲ. ಕಾದು ಒಂದು ವರ್ಷ ಆದ್ಮೇಲೆ ಬಂದ್ರೆ, ಮಿದುಳು ತುಂಬ ಬೇಗ ಕಲಿಯೋ ತಿಂಗಳುಗಳು ಕಳೆದಿರುತ್ತವೆ.

ಈ ಮಕ್ಕಳು ಯಾಕೆ ಹಿಂದೆ ಬೀಳ್ತಾರೆ ಅಂತ ಮನೆಯವರಿಗೆ ಗೊತ್ತಾದ್ರೆ ಜಗಳ ಅರ್ಧ ಕಡಿಮೆ ಆಗುತ್ತೆ. ಹೃದಯ ಒದ್ದಾಡ್ತಿದ್ದ ತಿಂಗಳುಗಳಲ್ಲಿ ಕುಡಿದ ಹಾಲಿನ ಶಕ್ತಿ ಎಲ್ಲ ಉಸಿರಾಡೋಕೇ ಖರ್ಚಾಗಿದೆ. ಕೈಕಾಲು ಬಡಿದು ಆಡೋಕೆ ಉಳಿದಿಲ್ಲ. ಆಮೇಲೆ ಐಸಿಯು, ಅಂಗಾತ ಮಲಗಿದ್ದೇ ಮಲಗಿದ್ದು. ಮನೆಗೆ ಬಂದ್ಮೇಲೆ ಭಯಕ್ಕೆ ಎಲ್ಲರೂ ಎತ್ತಿಕೊಂಡೇ ಇರ್ತಾರೆ, ನೆಲಕ್ಕೆ ಬಿಡಲ್ಲ. ಬೇರೆ ಮಕ್ಕಳು ಮೂರು ತಿಂಗಳಿಂದ ಬೋರಲು ಬಿದ್ದು ಕತ್ತು ಎತ್ತೋ ಅಭ್ಯಾಸ ಮಾಡಿರ್ತವೆ, ಇವರಿಗೆ ಆ ಅವಕಾಶವೇ ಸಿಕ್ಕಿರಲ್ಲ. ಜಟಿಲವಾದ ಹೃದಯ ದೋಷ ಇದ್ರೆ ಇನ್ನೊಂದು ಕಾರಣವೂ ಸೇರುತ್ತೆ. ಗರ್ಭದಲ್ಲೇ ಮಿದುಳಿಗೆ ರಕ್ತ, ಆಮ್ಲಜನಕ ಕಡಿಮೆ ಹೋಗಿ, ದಿನ ತುಂಬಿ ಹುಟ್ಟಿದ್ರೂ ಮಿದುಳಿನ ಬೆಳವಣಿಗೆ ಸುಮಾರು ಒಂದು ತಿಂಗಳು ಹಿಂದೆ ಇರಬಹುದು. ಹಾಗಾಗಿ "ಹೃದಯ ಸರಿ ಆಯ್ತು, ಎಲ್ಲ ಸರಿ ಆಯ್ತು" ಅನ್ನೋ ಮಾತು ಅರ್ಧ ಮಾತ್ರ ನಿಜ. ಅತ್ತೆಯವರಿಗೆ ಹೀಗೇ ಬಿಡಿಸಿ ಹೇಳಿ, ಅವರು ಮಗೂನ ಪ್ರೀತಿಯಿಂದಲೇ ಹಾಗಂದಿರೋದು.

ಹೃದಯಕ್ಕೆ ತೊಂದ್ರೆ ಆಗುತ್ತಾ ಅಂದ್ರಿ. ಎಕೋ ಚೆನ್ನಾಗಿದ್ದು, ಸರ್ಜನ್ ನಿರ್ಬಂಧ ಏನೂ ಹೇಳಿಲ್ಲ ಅಂದ್ರೆ ಆಟದಂಥ ವ್ಯಾಯಾಮದಿಂದ ತೊಂದ್ರೆ ಇಲ್ಲ. ಎದೆ ಮೂಳೆ ಕೂಡೋಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಆ ಅವಧೀಲಿ ಕಂಕುಳಿಗೆ ಕೈ ಹಾಕಿ ಎತ್ತಬಾರದು, ಕೈ ಹಿಡಿದು ಎಳೆದು ಕೂರಿಸಬಾರದು. ಒಂದು ಕೈ ಕತ್ತು, ಭುಜದ ಕೆಳಗೆ, ಇನ್ನೊಂದು ಕೈ ಕುಂಡೆ ಕೆಳಗೆ ಕೊಟ್ಟು ಬಾಚಿ ಎತ್ತಬೇಕು. ನಿಮ್ಮ ಮಗೂಗೆ ಆ ಅವಧಿ ಮುಗಿದಿದೆ. ಆದ್ರೂ ಒಂದು ಫೋನ್ ಮಾಡಿ ಸರ್ಜನ್ ಕಡೆಯಿಂದ "ಬೋರಲು ಮಲಗಿಸಬಹುದು" ಅಂತ ಖಚಿತ ಮಾಡಿಕೊಳ್ಳಿ. ಯಜಮಾನ್ರ ಭಯಕ್ಕೂ ಅದೇ ಮದ್ದು.

ಯಾವತ್ತೂ ನೆನಪಿಡಬೇಕಾದ್ದು: ಆಡಿಸೋವಾಗ ತುಟಿ ಅಥವಾ ನಾಲಿಗೆ ನೀಲಿಯಾದ್ರೆ, ಹಣೆ ತಣ್ಣಗೆ ಬೆವರಿದ್ರೆ, ಮೂಗಿನ ಹೊಳ್ಳೆ ಅರಳಿದ್ರೆ, ಪಕ್ಕೆ ಒಳಗೆ ಸೆಳೆದುಕೊಂಡ್ರೆ, ಮುಖ ಬಿಳಿಚಿಕೊಂಡ್ರೆ ಆ ಕ್ಷಣ ನಿಲ್ಲಿಸಿ. ವಿಶ್ರಾಂತಿ ಕೊಟ್ಟ ಮೇಲೂ ಸರಿ ಹೋಗದಿದ್ರೆ ಆಸ್ಪತ್ರೆಗೆ. ಕುಡಿದ ತಕ್ಷಣ ವ್ಯಾಯಾಮ ಬೇಡ, ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು ಮಾಡಿಸಿ.

ಸಕಲೇಶಪುರದ ಅಮ್ಮ

ಮೇಡಂ, ತುಂಬ ಧನ್ಯವಾದ. ನೀವು ಬರೆದಿದ್ದನ್ನ ಅತ್ತೆಗೆ ಓದಿ ಹೇಳಿದೆ. ಅವರು ಒಪ್ಪಿದ್ರು, ಆದ್ರೆ "ಬೋರಲು ಹಾಕಿದ್ರೆ ಅಳುತ್ತಲ್ಲ, ಅಳಿಸಬಾರದಲ್ಲ" ಅಂತ ಕೇಳ್ತಿದಾರೆ. ನನಗೂ ಅದೇ ಪ್ರಶ್ನೆ. ಇನ್ನೊಂದು, ಎಣ್ಣೆ ಮಸಾಜ್ ಮಾಡಿಸಬಹುದಾ?

ಆಲ್ದೂರಿನ ಅಜ್ಜಿ (ಮೊಮ್ಮಗಳು ಬರೀತಿದೀನಿ, ಮಾತು ಅಜ್ಜಿಯದ್ದು)

ಎಣ್ಣೆ ವಿಷಯಕ್ಕೆ ನಾನು ಹೇಳ್ತೀನಿ ಮಗಳೇ. ನಾನು ಊರಲ್ಲಿ ಬಾಣಂತನ ಮಾಡಿ, ಮಕ್ಕಳಿಗೆ ನೀರು ಹಾಕಿ ಬಂದವಳು. ಎದೆ ಕುಯ್ದ ಮಗೂಗೂ ನೀರು ಹಾಕಿದೀನಿ. ಎಲ್ಲ ಮಗೂಗೆ ಹಾಕಿದ ಹಾಗೆ ಹಾಕಬಾರದು. ಗಾಯ ಪೂರ್ತಿ ಒಣಗಿ ಚರ್ಮ ಕೂಡಿಕೊಳ್ಳೋ ತನಕ ಎದೆಗೆ ಎಣ್ಣೆ ಮುಟ್ಟಿಸಬಾರದು. ಆಮೇಲೂ ಎದೆ ಮೇಲೆ ಒತ್ತಿ ತಿಕ್ಕಬಾರದು. ಕಾಲಿಗೆ, ಬೆನ್ನಿಗೆ, ಅಂಗೈಗೆ ಮೆತ್ತಗೆ ಸವರೋದು, ಅಷ್ಟೇ. ನಾವು ಕಾಲು ಚಾಚಿಕೊಂಡು ಕೂತು ಮಗೂನ ಮೊಣಕಾಲ ಮೇಲೆ ಬೋರಲು ಹಾಕ್ತೀವಲ್ಲ, ಅಲ್ಲಿ ಎದೆ ನಮ್ಮ ಮೂಳೆಗೆ ತಾಗುತ್ತೆ, ಮೆತ್ತನೆ ಬಟ್ಟೆ ದಪ್ಪಗೆ ಹಾಕ್ಬೇಕು. ರಟ್ಟೆ ಹಿಡಿದು ಎತ್ತಿ ಜಾಡಿಸೋದು, ಕಾಲು ಹಿಡಿದು ತಲೆಕೆಳಗು ಮಾಡೋದು ಕೆಲವರು ಮಾಡ್ತಾರೆ. ಅದು ಯಾವ ಮಗೂಗೂ ಬೇಡ, ಈ ಮಗೂಗಂತೂ ಬೇಡವೇ ಬೇಡ.

ಬಚ್ಚಲಲ್ಲಿ ಹಂಡೆ ಒಲೆ ಹೊಗೆ ತುಂಬಿದ್ರೆ ಆ ಹೊತ್ತಿಗೆ ಮಗೂನ ಒಳಗೆ ಕರ್ಕೊಂಡು ಹೋಗ್ಬೇಡಿ. ಸಾಂಬ್ರಾಣಿ ಹೊಗೆನೂ ಬೇಡ. ನೀರು ಕಾದು ಹೊಗೆ ಇಳಿದ ಮೇಲೆ ಹಾಕಿ, ಬೆಚ್ಚಗೆ ಒರೆಸಿ ಸುತ್ತಿ. ಹೊಗೆ ಹಾಕಿಲ್ಲ ಅಂದ್ರೆ ಶೀತ ಆಗುತ್ತೆ ಅನ್ನೋ ಮಾತು ಬಿಡಿ, ಹೊಗೆಯಿಂದಲೇ ಕೆಮ್ಮು ಬರೋದು.

ಮಕ್ಕಳ ಫಿಸಿಯೊ, ಹಾಸನ

ಅಜ್ಜಿ, ನಿಮ್ಮ ಮಾತಿಗೆ ನಾನು ಸೇರಿಸೋದು ಏನೂ ಇಲ್ಲ. ಇದನ್ನ ಎಲ್ಲ ಮನೆಯವರೂ ಓದ್ಬೇಕು. ಎಣ್ಣೆ ಸವರೋದು ಮಗೂಗೆ ಹಿತ, ನಿದ್ದೆಗೂ ಒಳ್ಳೇದು. ಆದ್ರೆ ಅದರಿಂದ ಕತ್ತು ನಿಲ್ಲಲ್ಲ. ಕತ್ತು ನಿಲ್ಲೋದು ಮಗು ತಾನೇ ಎತ್ತೋ ಪ್ರಯತ್ನ ಮಾಡಿದಾಗ.

ಅಳುವಿನ ಬಗ್ಗೆ. ಬೋರಲು ಅಂದ್ರೆ ಚಾಪೆ ಮೇಲೆ ಮುಖ ಕೆಳಗೆ ಮಾಡಿ ಬಿಡೋದು ಅಂತ ಅಲ್ಲ. ಮೊದಲ ಹಂತ ನಿಮ್ಮ ಎದೆ ಮೇಲೆ. ದಿಂಬಿಗೆ ಒರಗಿ ಅರ್ಧ ಮಲಗಿದ ಹಾಗೆ ಕೂತು ಮಗೂನ ನಿಮ್ಮ ಎದೆಗೆ ಬೋರಲು ಹಾಕಿಕೊಳ್ಳಿ. ನಿಮ್ಮ ಮುಖ ನೋಡೋಕೆ ಅವಳೇ ತಲೆ ಎತ್ತುತ್ತಾಳೆ. ನೀವು ನೆಟ್ಟಗೆ ಕೂತಷ್ಟೂ ಅವಳಿಗೆ ಸುಲಭ, ಹಿಂದಕ್ಕೆ ಒರಗಿದಷ್ಟೂ ಕಷ್ಟ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಒರಗುತ್ತಾ ಹೋಗಿ. ಇದನ್ನ ಅಪ್ಪಂದಿರು ಮಾಡಿದ್ರೆ ಇನ್ನೂ ಒಳ್ಳೇದು, ಅಗಲದ ಎದೆ, ಭಯವೂ ಹೋಗುತ್ತೆ. ಆಮೇಲೆ ತೊಡೆ ಮೇಲೆ ಅಡ್ಡಡ್ಡ. ಆಮೇಲೆ ನೆಲದಲ್ಲಿ, ಎದೆ ಕೆಳಗೆ ಟವೆಲ್ ಸುರುಳಿ ಇಟ್ಟು ಕೈ ಎರಡೂ ಸುರುಳಿಯ ಮುಂದೆ ಬರೋ ಹಾಗೆ. ಒಂದೊಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು, ಆದ್ರೆ ದಿನಕ್ಕೆ ಎಷ್ಟೋ ಸಲ. ಬಟ್ಟೆ ಬದಲಿಸಿದಾಗ ಒಂದು, ಎದ್ದಾಗ ಒಂದು, ಅಪ್ಪ ಕೆಲಸದಿಂದ ಬಂದಾಗ ಒಂದು. ಗಂಟೆಗಟ್ಟಲೆ ಕೂತು ವ್ಯಾಯಾಮ ಮಾಡಿಸೋದಕ್ಕಿಂತ ಹೀಗೆ ದಿನದ ಕೆಲಸದ ಜೊತೆ ಹೆಣೆದರೆ ಈ ಮಕ್ಕಳಿಗೆ ಆಯಾಸ ಆಗಲ್ಲ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಿ. ಬೋರಲು ಎಚ್ಚರ ಇದ್ದಾಗ, ನೀವು ಎದುರಲ್ಲೇ ಇದ್ದಾಗ.

ಎದೆ ಆಪರೇಷನ್ ಆದ ಮಕ್ಕಳಲ್ಲಿ ನಾನು ಗಮನಿಸೋ ಇನ್ನೊಂದು ವಿಷಯ: ಭುಜ ಮುಂದಕ್ಕೆ ಕುಗ್ಗಿಸಿಕೊಂಡು ಕೈ ಮೇಲೆ ಎತ್ತೋಕೆ ಹಿಂಜರೀತಾರೆ. ಅಂಗಾತ ಮಲಗಿಸಿ ಎದೆ ಮೇಲ್ಗಡೆ ಬಳೆನೋ ಬಣ್ಣದ ಬಟ್ಟೆನೋ ಅಲ್ಲಾಡಿಸಿ, ಎರಡೂ ಕೈ ಚಾಚಿ ಹಿಡಿಯಲಿ. ಪಕ್ಕಕ್ಕೆ ಮಲಗಿಸಿ, ಬೆನ್ನಿಗೆ ಸುತ್ತಿದ ಬಟ್ಟೆ ಆಸರೆ ಕೊಟ್ಟು, ಮುಂದೆ ಆಟದ ಸಾಮಾನು ಇಡಿ. ಮಗುಚಿಕೊಳ್ಳೋದು ಶುರು ಆಗೋದು ಪಕ್ಕಕ್ಕೆ ಮಲಗಿದ ಭಂಗಿಯಿಂದ. ಜೋಲಿ ನಿದ್ದೆಗಷ್ಟೇ ಇರಲಿ. ಎಚ್ಚರ ಇರೋ ಹೊತ್ತೆಲ್ಲ ಜೋಲಿಯಲ್ಲಿ ಮುದುಡಿ ಮಲಗಿದ್ರೆ ಬೆನ್ನು, ಕತ್ತು ಕೆಲಸವೇ ಮಾಡಲ್ಲ. ತಲೆ ಯಾವಾಗಲೂ ಒಂದೇ ಕಡೆ ತಿರುಗಿದ್ರೆ ಮಲಗಿಸೋ ದಿಕ್ಕು ಬದಲಿಸಿ, ಜನ ಓಡಾಡೋ ಕಡೆ ಮಗು ತಿರುಗುತ್ತೆ.

ವಾಕರ್ ತರಬೇಡಿ. ನಾಳೆ ಯಾರಾದ್ರೂ ನೆಂಟರು ಉಡುಗೊರೆ ತಂದ್ರೂ ಕೂರಿಸಬೇಡಿ.

ಮೂಡಿಗೆರೆ ಎಸ್ಟೇಟ್‌ನಿಂದ

ಮೇಡಂ, ನಮ್ದು ಬೇರೆ ತರ. ಮಗನಿಗೆ ಆರು ತಿಂಗಳು, ಟೆಟ್ರಾಲಜಿ ಆಫ್ ಫಾಲೋ ಅಂತ ಹೇಳಿದಾರೆ. ಆಪರೇಷನ್ ಇನ್ನೂ ಆಗಿಲ್ಲ, ತೂಕ ಬರಲಿ ಅಂತ ಕಾಯ್ತಿದೀವಿ. ಜೋರಾಗಿ ಅತ್ತರೆ ಉಗುರು, ತುಟಿ ನೀಲಿ ಆಗುತ್ತೆ. ಅವನಿಗೂ ಕತ್ತು ಸರಿಯಾಗಿ ನಿಂತಿಲ್ಲ. ಯಾರೋ ಹೇಳಿದ್ರು, ಒಂದು ತರದ ಫಿಸಿಯೊ ಇದೆ, ಮಗು ಅತ್ತರೂ ಬಿಡದೆ ಒತ್ತಿ ಮಾಡಿಸ್ತಾರೆ, ಬೇಗ ಗುಣ ಆಗುತ್ತೆ ಅಂತ. ಮಾಡಿಸಬಹುದಾ?

ಚಿಕ್ಕಮಗಳೂರು ಮಕ್ಕಳ ಡಾಕ್ಟರ್

ಬೇಡ ತಾಯಿ. ಆಪರೇಷನ್ ಆಗದ ಟೆಟ್ರಾಲಜಿ ಮಗೂನ ಅಳಿಸಿ ಮಾಡಿಸೋ ಯಾವುದೂ ಬೇಡ. ಈ ದೋಷದಲ್ಲಿ ಶ್ವಾಸಕೋಶಕ್ಕೆ ಹೋಗೋ ದಾರಿ ಕಿರಿದಾಗಿರುತ್ತೆ. ಜೋರು ಅಳು, ಹಸಿವು, ಬೆಳಿಗ್ಗೆ ಎದ್ದ ಹೊತ್ತಿನ ಕಿರಿಕಿರಿ ಇಂಥ ಸಮಯದಲ್ಲಿ ಆ ದಾರಿ ಇನ್ನೂ ಬಿಗಿದುಕೊಂಡು, ಆಮ್ಲಜನಕ ಇಲ್ಲದ ರಕ್ತವೇ ಮೈಗೆಲ್ಲ ಹೋಗುತ್ತೆ. ಮಗು ಗಾಢ ನೀಲಿಯಾಗಿ, ಉಸಿರು ಆಳವಾಗಿ ವೇಗವಾಗಿ, ಕೊನೆಗೆ ಸೋತು ಪ್ರಜ್ಞೆ ತಪ್ಪಬಹುದು. ಹಾಗಾದ್ರೆ ತಕ್ಷಣ ಮಗೂನ ಅಂಗಾತ ಮಲಗಿಸಿ ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿಯಿರಿ, ಅಥವಾ ಭುಜದ ಮೇಲೆ ಹಾಕಿಕೊಂಡು ಕಾಲು ಮಡಚಿ ಹಿಡಿಯಿರಿ. ಸಮಾಧಾನ ಮಾಡಿ, ನೀವು ಕಿರುಚಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ಇದನ್ನ ಮನೆಯವರೆಲ್ಲ, ಮಗೂನ ನೋಡಿಕೊಳ್ಳೋ ಪಕ್ಕದ ಮನೆಯವರೂ ಕಲಿತಿರಬೇಕು.

ಅದರರ್ಥ ಫಿಸಿಯೊ ಬೇಡ ಅಂತಲ್ಲ. ಹೃದಯ ತಜ್ಞರು ಒಪ್ಪಿದ ಮೇಲೆ, ಮಗು ಹಸಿವಿಲ್ಲದೆ ಖುಷಿಯಾಗಿರೋ ಹೊತ್ತಲ್ಲಿ, ನಿಮ್ಮ ಎದೆ ಮೇಲೆ, ಪಕ್ಕಕ್ಕೆ ಮಲಗಿಸಿ, ಫಿಸಿಯೊ ಮೇಡಂ ಹೇಳಿದ ಮೆತ್ತನೆ ಆಟಗಳು ನಡೀಲಿ. ಮುಖ ಚಿಕ್ಕದಾಗ್ತಿದ್ದ ಹಾಗೇ ನಿಲ್ಲಿಸಿ.

ಇನ್ನೆರಡು ವಿಷಯ. ನೀಲಿ ಮಕ್ಕಳಿಗೆ ಕಬ್ಬಿಣದ ಅಂಶ ನೋಡಿಸಿ. ಇವರ ಮೈ ಹೆಚ್ಚು ರಕ್ತ ಮಾಡಿಕೊಂಡು ಸರಿದೂಗಿಸುತ್ತೆ, ಹಾಗಾಗಿ ಬೇರೆ ಮಗೂಗೆ ಸರಿ ಅನ್ನಿಸೋ ಹಿಮೋಗ್ಲೋಬಿನ್ ಇವರಿಗೆ ಕಡಿಮೆಯೇ ಇರಬಹುದು. ಕಬ್ಬಿಣ ಕಡಿಮೆಯಾದ್ರೆ ನೀಲಿಯಾಗೋದು ಹೆಚ್ಚು, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ವಾಂತಿ ಭೇದಿ ಆದ್ರೆ ತಡ ಮಾಡಬೇಡಿ, ನೀರಿನಂಶ ಕಡಿಮೆ ಆಗೋದು ಈ ಮಕ್ಕಳಿಗೆ ತುಂಬ ಅಪಾಯ.

ಎಲ್ಲ ಅಮ್ಮಂದಿರಿಗೂ ಹೇಳ್ತೀನಿ, ಮಗು ನಿದ್ದೇಲಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸೋದು ಕಲೀರಿ. ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಮಗೂಗೆ ನಿಮಿಷಕ್ಕೆ 50 ಅಥವಾ ಹೆಚ್ಚು ಅಂದ್ರೆ ಅದು ವೇಗದ ಉಸಿರು. ಮೂರು ದಿನ ಬರೆದಿಟ್ಟರೆ ನಿಮ್ಮ ಮಗೂನ ಮಾಮೂಲು ಎಷ್ಟು ಅಂತ ನಿಮಗೇ ಗೊತ್ತಾಗುತ್ತೆ. ಅದು ಏರಿದ ದಿನ ಆಟ ಬಿಟ್ಟು ಡಾಕ್ಟರ್‌ಗೆ ಫೋನ್ ಮಾಡಿ.

ಹೊಳೆನರಸೀಪುರ ಅಮ್ಮ

ನನ್ನ ಮಗ ಡೌನ್ ಸಿಂಡ್ರೋಮ್. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೃದಯದ ತೊಂದ್ರೆ ಇರುತ್ತಂತೆ, ಅವನಿಗೂ ಇತ್ತು, ಆಪರೇಷನ್ ಆಗಿದೆ. ಮೈ ತುಂಬ ಮೆತ್ತಗೆ. ಫಿಸಿಯೊ ಮೇಡಂ ಮೊದಲು ಕಲಿಸಿದ್ದು ಎತ್ತಿಕೊಳ್ಳೋ ರೀತಿ. ಸೊಂಟದ ಮೇಲೆ ಕಾಲು ಅಗಲ ಮಾಡಿ ಕೂರಿಸಿಕೊಳ್ಳೋದು ಬಿಟ್ಟು ಎರಡೂ ಕಾಲು ಜೋಡಿಸಿ ಹಿಡಿಯೋದು. ಅಷ್ಟರಿಂದಲೇ ಅವನ ಸೊಂಟ, ಬೆನ್ನು ಎಷ್ಟೋ ಹಿಡಿತಕ್ಕೆ ಬಂತು. ಈಗ ಎರಡು ವರ್ಷ ತುಂಬಿದೆ, ಗೋಡೆ ಹಿಡಿದು ನಿಲ್ತಾನೆ. ಮೊನ್ನೆ ಹೊಸ್ತಿಲು ದಾಟಿದ, ಬೀದಿಗೆಲ್ಲ ಸಿಹಿ ಹಂಚಿದ್ವಿ. ಪಕ್ಕದ ಮನೆ ಮಗು ಎಂಟು ತಿಂಗಳಿಗೆ ದಾಟಿತ್ತು. ಯಾರ ಜೊತೆಗೂ ಹೋಲಿಸಬೇಡಿ ಅಂತ ಎಲ್ಲರೂ ಹೇಳ್ತಾರೆ, ಹೋಲಿಕೆ ಬರೋದು ಬಂದೇ ಬರುತ್ತೆ, ಅತ್ತು ಬಿಡಿ. ಆದ್ರೆ ದಿನದ ಆಟ ಮಾತ್ರ ಬಿಡಬೇಡಿ. ಡೌನ್ ಮಕ್ಕಳ ತಾಯಂದಿರು ಥೈರಾಯ್ಡ್ ಪರೀಕ್ಷೇನೂ ಮಾಡಿಸಿ.

ಆಶಾ ಕಾರ್ಯಕರ್ತೆ, ಬೇಲೂರು ತಾಲ್ಲೂಕು

ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಬರೆದಿಲ್ಲ, ನಾನು ಬರೀತೀನಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ನಾವು ಆರ್‌ಬಿಎಸ್‌ಕೆ ಅಂತೀವಿ. ಹುಟ್ಟಿದಾಗಿಂದ 18 ವರ್ಷದ ತನಕ. ಹೃದಯ ದೋಷ, ಬೆಳವಣಿಗೆ ತಡ ಎರಡೂ ಅದರಲ್ಲಿ ಸೇರಿವೆ. ಆರ್‌ಬಿಎಸ್‌ಕೆ ವಾಹನ ಅಂಗನವಾಡಿಗೆ ಬಂದಾಗ ಮಗೂನ ತೋರಿಸಿ ಚೀಟಿ ಬರೆಸಿಕೊಳ್ಳಿ, ಅಂಗನವಾಡಿಗೆ ಹೋಗೋ ವಯಸ್ಸು ಆಗಿಲ್ಲ ಅಂತ ಬಿಡಬೇಡಿ, ಆರು ವಾರ ತುಂಬಿದ ಕೂಸನ್ನೂ ನೋಡ್ತಾರೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ ಕಳಿಸ್ತಾರೆ. ಅಂದ್ರೆ ಮಕ್ಕಳ ತೊಂದರೆಗಳನ್ನ ಬೇಗ ಗುರುತಿಸಿ ಆರೈಕೆ ಮಾಡೋ ಕೇಂದ್ರ. ಫಿಸಿಯೊ, ಮಾತಿನ ತರಬೇತಿ, ಕಿವಿ, ಕಣ್ಣಿನ ತಪಾಸಣೆ ಒಂದೇ ಕಡೆ ಸಿಗಲಿ ಅಂತ ಮಾಡಿರೋದು. ಹಾಸನದವರು ಹಿಮ್ಸ್ ಬೋಧಕ ಆಸ್ಪತ್ರೇಲಿ, ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೇಲಿ ವಿಚಾರಿಸಿ. ಹೋಗೋ ಮುಂಚೆ ನಿಮ್ಮ ಊರಿನ ಆಶಾ ಹತ್ರ ಫೋನ್ ಮಾಡಿಸಿ, ಫಿಸಿಯೊ ಇರೋ ದಿನ ತಿಳಿದುಕೊಂಡೇ ಹೊರಡಿ. ಮಳೆಗಾಲದಲ್ಲಿ ಮಗು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದು ವಾಪಸ್ ಹೋಗೋದು ತಪ್ಪಲಿ.

ಮೂಡಿಗೆರೆ ತಾಯಿ, ಆಪರೇಷನ್ ಖರ್ಚಿನ ಚಿಂತೆ ಇದ್ರೆ ಬಿಪಿಎಲ್ ಕಾರ್ಡ್ ಇಟ್ಟುಕೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವಿಚಾರಿಸಿ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಇದೆ. ಜಯದೇವ ಆಸ್ಪತ್ರೆ ಬೆಂಗಳೂರಲ್ಲೂ ಇದೆ, ಮೈಸೂರಲ್ಲೂ ಇದೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೇಲಿ ಹೃದಯದ ಚಿಕಿತ್ಸೆ ಉಚಿತ. ಲೈನ್ ಮನೇಲಿ ಇರೋರು, ಬೇರೆ ಊರಿಂದ ಕೆಲಸಕ್ಕೆ ಬಂದೋರು ಕಾರ್ಡ್ ಇಲ್ಲ ಅಂತ ಸುಮ್ಮನೆ ಕೂರಬೇಡಿ, ಆಶಾಗೆ ಹೇಳಿ.

ಅರಸೀಕೆರೆ ಅಪ್ಪ

ಎಲ್ಲ ಓದಿದೆ. ಕಾಯಿರಿ ಅಂದಿದ್ದ ನನ್ನ ಮಾತು ವಾಪಸ್ ತಗೋತೀನಿ ಅಕ್ಕ, ಮೊದಲು ತೋರಿಸಿ. ಒಂದು ಪ್ರಶ್ನೆ ನನ್ನದೂ ಇದೆ. ಈ ಮಕ್ಕಳು ನಡೆದ್ಮೇಲೆ ಎಲ್ಲ ಮುಗೀತು ಅಂತಾನಾ?

ಚಿಕ್ಕಮಗಳೂರು ಮಕ್ಕಳ ಡಾಕ್ಟರ್

ಇಲ್ಲ ಸರ್. ಒಂದು ವರ್ಷದ ಒಳಗೆ ಹೃದಯ ತೆರೆದು ಆಪರೇಷನ್ ಆದವರು, ನೀಲಿ ಮಕ್ಕಳು, ಡೌನ್‌ನಂಥ ತೊಂದರೆ ಜೊತೆಗಿರೋರು ಹೆಚ್ಚು ಅಪಾಯದ ಗುಂಪು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ. ಈ ಮಕ್ಕಳನ್ನ ಒಂದರಿಂದ ಎರಡು ವರ್ಷದ ನಡುವೆ, ಮೂರರಿಂದ ಐದರ ನಡುವೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಮತ್ತೆ ಪರೀಕ್ಷಿಸಬೇಕು. ಕೈ ಚಳಕ, ಮಾತು, ಗಮನ, ಲೆಕ್ಕ ಇವುಗಳಲ್ಲಿ ತೊಡಕು ಶಾಲೆಗೆ ಹೋದ ಮೇಲೆ ಕಾಣಿಸಬಹುದು. ಖೋಖೋ ಆಡ್ತಾನೆ ಅಂದ್ರಲ್ಲ, ತುಂಬ ಒಳ್ಳೇದು. ಓದೋದು, ಬರೆಯೋದೂ ಹೇಗಿದೆ ಅಂತ ಟೀಚರ್ ಹತ್ರ ಒಂದು ಸಲ ಕೇಳಿ.

ಸಕಲೇಶಪುರದ ಅಮ್ಮ

ಸರ್ಜನ್ ಆಫೀಸಿಗೆ ಫೋನ್ ಮಾಡಿದ್ವಿ, ಬೋರಲು ಮಲಗಿಸಬಹುದು ಅಂದ್ರು. ಯಜಮಾನ್ರು ನಿನ್ನೆ ರಾತ್ರಿ ಎದೆ ಮೇಲೆ ಹಾಕಿಕೊಂಡಿದ್ರು, ಅಳಲಿಲ್ಲ, ಅವರ ಮೀಸೆ ಹಿಡಿಯೋಕೆ ತಲೆ ಎತ್ತಿದಳು. ಸೋಮವಾರ ಹಾಸನಕ್ಕೆ ಹೋಗ್ತಿದೀವಿ. ಫಿಸಿಯೊಗೆ ಏನೇನು ತೋರಿಸಬೇಕು? ರಾಗಿ ಸರಿ ಶುರು ಮಾಡಿದೀವಿ, ಅದನ್ನೂ ಹೇಳಬೇಕಾ?

ಮಕ್ಕಳ ಫಿಸಿಯೊ, ಹಾಸನ

ಎಲ್ಲ ಹೇಳಿ. ಆಪರೇಷನ್ ಬೆಂಗಳೂರಲ್ಲಿ, ಫಿಸಿಯೊ ಹಾಸನದಲ್ಲಿ. ಅವರಿಬ್ಬರ ನಡುವೆ ಮಾತು ಸಾಗಿಸೋರು ನೀವೇ, ಹಾಗಾಗಿ ಫೈಲ್ ಪೂರ್ತಿ ತನ್ನಿ. ಡಿಸ್ಚಾರ್ಜ್ ಪೇಪರ್, ಇತ್ತೀಚಿನ ಎಕೋ, ಈಗ ಕೊಡ್ತಿರೋ ಔಷಧಿ ಬಾಟಲಿಗಳು, ತಾಯಿ ಕಾರ್ಡ್‌ನಲ್ಲಿರೋ ತೂಕ. ದಿನ ತುಂಬೋ ಮೊದಲೇ ಹುಟ್ಟಿದ್ರೆ ಎಷ್ಟು ವಾರಕ್ಕೆ ಅಂತ ಹೇಳಿ, ಬೆಳವಣಿಗೆ ಲೆಕ್ಕ ಆ ವಾರ ಕಳೆದು ಹಾಕ್ಬೇಕು. ಆಪರೇಷನ್ ಆದ್ಮೇಲೆ ಅಳುವಿನ ದನಿ ಒಡೆದಿದೆಯಾ, ಕುಡಿಯೋವಾಗ ಕೆಮ್ಮುತ್ತಾ ಅನ್ನೋದನ್ನೂ ಗಮನಿಸಿ ಬನ್ನಿ, ಕೆಲವು ಆಪರೇಷನ್‌ಗಳಲ್ಲಿ ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿರಬಹುದು. ಒಂದೇ ಕೈ ಬಳಸ್ತಾಳಾ, ಇನ್ನೊಂದು ಮುಷ್ಟಿ ಬಿಗಿದೇ ಇರುತ್ತಾ ಅಂತಲೂ ನೋಡಿ. ಮನೇಲಿ ಅವಳು ಆಡೋದನ್ನ ಎರಡು ನಿಮಿಷ ಫೋನಲ್ಲಿ ವಿಡಿಯೊ ಮಾಡಿ ತನ್ನಿ, ಆಸ್ಪತ್ರೇಲಿ ಹೊಸ ಮುಖ ನೋಡಿ ಎಷ್ಟೋ ಮಕ್ಕಳು ಏನೂ ಮಾಡಲ್ಲ.

ರಾಗಿ ಸರಿ ನೀರು ನೀರಾಗಿ ಬೇಡ, ಚಮಚದಿಂದ ಜಾರದಷ್ಟು ಗಟ್ಟಿ ಮಾಡಿ ಒಂದು ಚಮಚ ತುಪ್ಪ ಹಾಕಿ. ಹೊಟ್ಟೆ ಚಿಕ್ಕದು, ಕಡಿಮೆ ತಿಂದರೂ ಶಕ್ತಿ ಸಿಗಬೇಕು. ಔಷಧಿ ಹೊತ್ತು ಬಸ್ಸಲ್ಲಿ ತಪ್ಪದ ಹಾಗೆ ನೋಡಿಕೊಳ್ಳಿ. ಮೂಡಿಗೆರೆ ಅಮ್ಮ, ನೀವೂ ಮುಂದಿನ ಸಲ ಹೃದಯ ತಜ್ಞರ ಹತ್ರ ಹೋದಾಗ ಎರಡು ಸಾಲು ಬರೆಸಿಕೊಂಡು ಬನ್ನಿ: ಆಕ್ಸಿಮೀಟರ್‌ನಲ್ಲಿ ನಿಮ್ಮ ಮಗನಿಗೆ ಎಷ್ಟು ಇರಬೇಕು, ಎಷ್ಟಕ್ಕೆ ಇಳಿದ್ರೆ ಆಟ ನಿಲ್ಲಿಸಬೇಕು. ಆ ಚೀಟಿ ಇದ್ರೆ ಚಿಕ್ಕಮಗಳೂರಿನ ಯಾವ ಫಿಸಿಯೊನೂ ಧೈರ್ಯವಾಗಿ ಕೈ ಹಾಕಬಹುದು.

ಮೂಡಿಗೆರೆ ಎಸ್ಟೇಟ್‌ನಿಂದ

ಬರೆಸ್ತೀನಿ ಮೇಡಂ. ಮೊಣಕಾಲು ಮಡಚಿ ಹಿಡಿಯೋದನ್ನ ಇವತ್ತು ನಮ್ಮ ಲೈನಿನ ನಾಲ್ಕು ಮನೆಯವರಿಗೂ ಗೊಂಬೆ ಇಟ್ಟುಕೊಂಡು ತೋರಿಸಿದೆ. ಡಾಕ್ಟ್ರೇ, ಇಲ್ಲಿ ನೆಟ್‌ವರ್ಕ್ ಗುಡ್ಡದ ಮೇಲೆ ಮಾತ್ರ ಸಿಗುತ್ತೆ, 108ಕ್ಕೆ ಫೋನ್ ಹೋಗದಿದ್ರೆ ಎಸ್ಟೇಟ್ ಜೀಪಲ್ಲೇ ಕಾಲು ಮಡಚಿ ಹಿಡಿದುಕೊಂಡು ಮೂಡಿಗೆರೆ ಆಸ್ಪತ್ರೆಗೆ ಹೊರಟುಬಿಡಲಾ?

ಚಿಕ್ಕಮಗಳೂರು ಮಕ್ಕಳ ಡಾಕ್ಟರ್

ಹೊರಟುಬಿಡಿ, ಕಾಯಬೇಡಿ. ಒಬ್ಬರು ಮಗೂನ ಹಾಗೇ ಹಿಡಿದುಕೊಂಡು ಕೂರಲಿ, ಇನ್ನೊಬ್ಬರು ದಾರೀಲಿ ಸಿಗ್ನಲ್ ಸಿಕ್ಕ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ "ಟೆಟ್ರಾಲಜಿ ಮಗು, ನೀಲಿಯಾಗಿದೆ, ಆಕ್ಸಿಜನ್ ತಯಾರಿಡಿ" ಅಂತ ಹೇಳಲಿ. ಜೀಪ್ ಡ್ರೈವರ್ ನಂಬರ್, ಆಸ್ಪತ್ರೆ ನಂಬರ್ ಎರಡನ್ನೂ ಬಾಗಿಲ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿ. ಮಗೂನ ಫೈಲ್‌ನ ಒಂದು ಜೆರಾಕ್ಸ್ ಜೀಪಲ್ಲೇ ಇಟ್ಟಿರಿ.